ಮಿಡತೆಯ ಹಿಕ್ಕೆಯಲ್ಲಿ ಸಿಕ್ಕ ಸುಳಿವು

2020ರ ಮೇ ತಿಂಗಳಲ್ಲಿ ಜೈಪುರದ ಮನೆಗಳ ಮೇಲೆ ಮಿಡತೆಗಳ ದಂಡು ಇಳಿದಾಗ ಎಲ್ಲರನ್ನೂ ಹೆದರಿಸಿದ್ದು ಅವುಗಳ ಹಸಿವು. ಅದು ಸಹಜವೇ. ಒಂದು ಚದರ ಕಿಲೋಮೀಟರ್ ಹರಡಿದ ದಂಡು ಒಂದೇ ದಿನದಲ್ಲಿ 35,000 ಜನರ ಊಟದಷ್ಟು ತಿಂದು ಮುಗಿಸಬಲ್ಲದು. ಆದರೆ ತಿಂದ ಸೊಪ್ಪು ಹೊಟ್ಟೆಯೊಳಗೆ ಏನಾಗುತ್ತದೆ, ಅಲ್ಲಿ ಯಾರು ವಾಸವಾಗಿದ್ದಾರೆ ಎಂಬ ಪ್ರಶ್ನೆಯೂ ಅಷ್ಟೇ ಮುಖ್ಯ. ಅದರ ಬೆನ್ನು ಹತ್ತಿದವರು ತೀರಾ ಕಡಿಮೆ.

ಪಶ್ಚಿಮ ಆಫ್ರಿಕಾದಿಂದ ರಾಜಸ್ಥಾನದವರೆಗೆ ಒಣ ನೆಲದಲ್ಲಿ ಬದುಕುವ ಮರುಭೂಮಿ ಮಿಡತೆ ಸಾಮಾನ್ಯವಾಗಿ ಒಂಟಿ ಜೀವಿ. ಒಳ್ಳೆ ಮಳೆಯಾಗಿ ಸಂಖ್ಯೆ ಹೆಚ್ಚಿ ಒತ್ತೊತ್ತಾಗಿ ಸೇರಿದರೆ ಅದರ ಬಣ್ಣವೂ ನಡವಳಿಕೆಯೂ ಬದಲಾಗುತ್ತವೆ. ಒಂಟಿ ಮಿಡತೆ, ಗುಂಪಿನ ಮಿಡತೆ ಎರಡೂ ಒಂದೇ ಜಾತಿಯವು ಎಂದು ವಲಸೆ ಮಿಡತೆ ಎಂಬ ಇನ್ನೊಂದು ಜಾತಿಯ ಉದಾಹರಣೆಯಿಂದ 1921ರಲ್ಲಿ ತೋರಿಸಿದವರು ಕೀಟವಿಜ್ಞಾನಿ ಬೋರಿಸ್ ಉವರೋವ್. ಅಲ್ಲಿಂದ ಮುಂದೆ ಎಲ್ಲರ ಗಮನ ಹೋಗಿದ್ದು ಮಳೆ, ಗಾಳಿ, ಮೊಟ್ಟೆ, ರೆಕ್ಕೆಗಳ ಕಡೆಗೆ.

ಕರುಳಿನ ಬ್ಯಾಕ್ಟೀರಿಯಾಗಳನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದೇ ಇದ್ದದ್ದಕ್ಕೆ ಕಾರಣವೂ ಇತ್ತು. ಕಟ್ಟಿಗೆ ತಿನ್ನುವ ಗೆದ್ದಲಿಗೆ ಹೊಟ್ಟೆಯ ಸೂಕ್ಷ್ಮಜೀವಿಗಳಿಲ್ಲದೆ ಬದುಕಿಲ್ಲ. ಮಿಡತೆ ಹಾಗಲ್ಲ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ತಂಡ 1980ರ ದಶಕದಲ್ಲಿ ಒಂದೂ ಬ್ಯಾಕ್ಟೀರಿಯಾ ಇಲ್ಲದ ಮಿಡತೆಗಳನ್ನು ಸಾಕಿ ನೋಡಿತು. ಅವು ಬೆಳೆದವು. ಹಾಗಾದರೆ ಈ ಬ್ಯಾಕ್ಟೀರಿಯಾಗಳು ಸೊಪ್ಪಿನ ಜೊತೆ ಸುಮ್ನೆ ಒಳಗೆ ಬಂದು ಹೋಗುವ ಬಾಡಿಗೆದಾರರು ಅನ್ನಿಸುತ್ತದೆ, ಅಲ್ವಾ? ಆ ತಂಡದ ರಾಡ್ ಡಿಲನ್ ಮತ್ತು ಕೀತ್ ಚಾರ್ನ್ಲಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಜಾಸ್ತಿ ಇಷ್ಟವಾಗುವುದು ಅವರ ಆ ಹಟ.

ಅವರು ಕೈಗೆತ್ತಿಕೊಂಡದ್ದು ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು. ನಮ್ಮ ಅಡಿಕೆ, ಕಬ್ಬು ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. ಗೊಣ್ಣೆಹುಳಕ್ಕೆ ಹಾಕುವುದು ಇದನ್ನೇ. ಇದರ ಬೀಜಕಣಗಳು ಸಾಮಾನ್ಯ ಮಿಡತೆಯ ಕರುಳಿನಲ್ಲಿ ಮೊಳೆಯಲಿಲ್ಲ. ಬ್ಯಾಕ್ಟೀರಿಯಾ ಇಲ್ಲದ ಮಿಡತೆಯ ಕರುಳಿನಲ್ಲಿ ಮೊಳೆತವು. ಸೊಪ್ಪಿನಿಂದ ಬಂದ ವಸ್ತುಗಳನ್ನು ಬ್ಯಾಕ್ಟೀರಿಯಾಗಳು ಫೀನಾಲ್ ಜಾತಿಯ ರಾಸಾಯನಿಕಗಳಾಗಿ ಬದಲಿಸುತ್ತವೆ, ಅವು ಶಿಲೀಂಧ್ರವನ್ನು ತಡೆಯುತ್ತವೆ ಎಂಬುದು 1986ರಿಂದ ಒಂದೊಂದಾಗಿ ಗೊತ್ತಾಯಿತು. ಬಾಡಿಗೆದಾರರು ಕಾವಲಿಗೂ ನಿಂತಿದ್ದರು.

ಇದು ಬರೀ ಪುಸ್ತಕದ ವಿಷಯವಾಗಿರಲಿಲ್ಲ. 1986-89ರಲ್ಲಿ ಆಫ್ರಿಕಾದಲ್ಲಿ ದೊಡ್ಡ ಮಿಡತೆ ಹಾವಳಿ ನಡೆಯಿತು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುವ ಡೀಲ್ಡ್ರಿನ್ ವಿಷವನ್ನು ಬಿಡಲೇಬೇಕಾದ ಕಾಲ ಅದು. ಬದಲಿ ಹುಡುಕಲು 1989ರಲ್ಲಿ 'ಲುಬಿಲೋಸಾ' ಎಂಬ ಅಂತರರಾಷ್ಟ್ರೀಯ ಯೋಜನೆ ಶುರುವಾಯಿತು. ಮಿಡತೆಗೆ ತಗಲುವ ಮೆಟಾರೈಜಿಯಂ ತಳಿಯನ್ನು ಆರಿಸಿ, ಎಣ್ಣೆಯಲ್ಲಿ ಕಲಸಿ 'ಗ್ರೀನ್ ಮಸಲ್' ಎಂಬ ಜೈವಿಕ ಕೀಟನಾಶಕ ಮಾಡಿದರು. ಮರುಭೂಮಿಯ ಒಣಗಾಳಿಯಲ್ಲೂ ಎಣ್ಣೆಯಲ್ಲಿರುವ ಬೀಜಕಣ ಮಿಡತೆಯ ಮೈಗೆ ಅಂಟಿ, ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ. ಕರುಳಿನ ಬಾಗಿಲು ಮುಚ್ಚಿದ್ದರೂ ಅದಕ್ಕೆ ದಾರಿ ಸಿಗುತ್ತದೆ. 2020ರಲ್ಲಿ ಸೊಮಾಲಿಯಾ ಮಿಡತೆಗಳ ವಿರುದ್ಧ ಬಳಸಿದ್ದೂ ಇಂಥ ಶಿಲೀಂಧ್ರವನ್ನೇ.

ಅದೇ ಫೀನಾಲ್‌ಗಳು ಇನ್ನೊಂದು ಕಡೆ ತಲೆ ಎತ್ತಿದವು. 1990ರ ದಶಕದಲ್ಲಿ ನೈರೋಬಿಯ ಕೀಟ ಸಂಶೋಧನಾ ಕೇಂದ್ರದವರು ಮಿಡತೆಗಳನ್ನು ಒಟ್ಟಿಗೆ ಹಿಡಿದಿಡುವ ವಾಸನೆಯನ್ನು ಹುಡುಕುತ್ತಿದ್ದರು. ಹಿಕ್ಕೆಯಲ್ಲಿ ಫೀನಾಲ್ ಮತ್ತು ಗ್ವಾಯಕಾಲ್ ಸಿಕ್ಕಿದವು. ಕಟ್ಟಿಗೆ ಹೊಗೆಯಲ್ಲಿ, ಹುರಿದ ಕಾಫಿಯಲ್ಲಿ ಇರುವುದೂ ಇದೇ ಗ್ವಾಯಕಾಲ್. ಬಾತ್ ತಂಡ ಬ್ಯಾಕ್ಟೀರಿಯಾ ಇಲ್ಲದ ಮಿಡತೆಗಳ ಹಿಕ್ಕೆ ಪರೀಕ್ಷಿಸಿದಾಗ ಗ್ವಾಯಕಾಲ್ ಇರಲೇ ಇಲ್ಲ. ಪ್ಯಾಂಟೋಯಾ ಎಂಬ ಬ್ಯಾಕ್ಟೀರಿಯಾವನ್ನು ಹೊಟ್ಟೆಗೆ ಸೇರಿಸಿದ ಮೇಲೆ ಬಂತು. ಸೊಪ್ಪಿನ ಗಟ್ಟಿ ನಾರಿನಲ್ಲಿರುವ ಲಿಗ್ನಿನ್‌ನಿಂದ ಹೊರಬೀಳುವ ವೆನಿಲಿಕ್ ಆಮ್ಲವೇ ಅದರ ಕಚ್ಚಾವಸ್ತು. 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಇಷ್ಟನ್ನೇ ಹಿಡಿದು "ದಂಡು ಕಟ್ಟಿಸುವುದು ಬ್ಯಾಕ್ಟೀರಿಯಾ" ಎನ್ನುವುದು ಸರಿಯಲ್ಲ. ಒಂಟಿ ಮಿಡತೆ ಗುಂಪಿಗೆ ಬೀಳುವುದರಲ್ಲಿ ಹಿಂಗಾಲಿಗೆ ಮತ್ತೆ ಮತ್ತೆ ಆಗುವ ಸ್ಪರ್ಶ ಮತ್ತು ಸೆರೊಟೋನಿನ್ ಎಂಬ ನರಗಳ ರಾಸಾಯನಿಕ ದೊಡ್ಡ ಪಾತ್ರ ವಹಿಸುತ್ತವೆ ಎಂದು ಬೇರೆ ಸಂಶೋಧನೆಗಳು ತೋರಿಸಿವೆ. ಹಿಕ್ಕೆಯ ವಾಸನೆ ಸೇರಿದ ಗುಂಪು ಚದುರದಂತೆ ನೆರವಾಗುತ್ತದೆ, ಅಷ್ಟೇ. ಆದರೆ ಆ ನೆರವು ತಪ್ಪಿದರೆ? 2014ರಲ್ಲಿ ಚೀನಾದ ಸಂಶೋಧಕರು ವಲಸೆ ಮಿಡತೆಗಳಲ್ಲಿ ಇದಕ್ಕೆ ಉತ್ತರ ಕಂಡರು. ಪ್ಯಾರಾನೊಸೀಮಾ ಎಂಬ ಪರಾವಲಂಬಿ ತಗಲಿದರೆ ಹಿಂಗರುಳಿನಲ್ಲಿ ವಾಸನೆ ಮಾಡುವ ಬ್ಯಾಕ್ಟೀರಿಯಾಗಳು ಬೆಳೆಯುವುದಿಲ್ಲ. ಸೆರೊಟೋನಿನ್ ಕೂಡ ಇಳಿಯುತ್ತದೆ, ಗುಂಪು ಸಡಿಲವಾಗುತ್ತದೆ. ರೋಗ ತಗಲಿದವುಗಳ ವಾಸನೆ ಮೂಸಿದ ಆರೋಗ್ಯವಂತ ಮಿಡತೆಗಳಲ್ಲೂ ಸೆರೊಟೋನಿನ್ ಇಳಿಯಿತು. ಕೊಲ್ಲದೆ ಚದುರಿಸುವ ಈ ದಾರಿಗೆ ಇನ್ನೂ ಹೆಚ್ಚು ಹಣ, ಹೆಚ್ಚು ಜನ ಬೇಕು ಎಂಬುದು ನನ್ನ ಬಲವಾದ ನಂಬಿಕೆ.

ಈಚೆಗೆ ಇಸ್ರೇಲಿನ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದ್ದಾರೆ. ಒಂಟಿಯಾಗಿ ಸಾಕಿದ ಮರುಭೂಮಿ ಮಿಡತೆಯನ್ನು ಗುಂಪಿಗೆ ಬಿಟ್ಟಾಗ ಅದರ ಕರುಳಿನ ಬ್ಯಾಕ್ಟೀರಿಯಾಗಳೂ ಬದಲಾಗಿ, ವೈಸೆಲ್ಲಾ ಎಂಬುದು ಮೇಲುಗೈ ಪಡೆಯುತ್ತದೆ. ಒಂದು ಮೈಯಿಂದ ಇನ್ನೊಂದು ಮೈಗೆ ಹರಡಲು ಗುಂಪು ಬ್ಯಾಕ್ಟೀರಿಯಾಗಳಿಗೇ ಅನುಕೂಲ. ಹಾಗಾಗಿ ಗುಂಪುಗೂಡುವ ಗುಣ ಬೆಳೆದು ಬಂದದ್ದರಲ್ಲಿ ಅವುಗಳ ಪಾಲೂ ಇರಬಹುದೇ ಎಂದು ಅವರು ಕೇಳುತ್ತಿದ್ದಾರೆ.