ಗುದ್ದಿದ್ದೆಲ್ಲ ಫೌಲ್ ಅಲ್ಲ: ರೋಬೋಟ್ ಡಿಕ್ಕಿಯಲ್ಲಿ ರೆಫ್ರಿ ನೋಡುವುದೇನು?

ಪ್ರಶ್ನೆ: ವೆಕ್ಸ್ ಅನ್ನೋ ವಿದ್ಯಾರ್ಥಿಗಳ ರೋಬೋಟ್ ಸ್ಪರ್ಧೆಯ ಪಂದ್ಯದಾಗ ಎದುರಾಳಿ ರೋಬೋಟ್ ನಮ್ಮದನ್ನ ಗೋಡೆಗೆ ಒತ್ತಿ ಹಿಡೀತು. ಬ್ಯಾಟರಿ ವೈರ್ ಕಿತ್ತು ಬಂತು, ಆಮ್ಯಾಗ ರೋಬೋಟ್ ಅಲ್ಲಾಡಲೇ ಇಲ್ಲ. ಮೊಬೈಲ್‌ನ್ಯಾಗ ವಿಡಿಯೊ ಐತಿ, ರೆಫ್ರಿ ನೋಡಾಕ ಒಪ್ಪಲಿಲ್ಲ. ಇದು ಫೌಲ್ ಅಲ್ಲೇನ್ರಿ?
— ಶಾಲಾ ತಂಡ, ಬೆಳಗಾವಿ

ಉತ್ತರ: ಒತ್ತಿ ಹಿಡಿದದ್ದು ಫೌಲ್ ಆಗಿರಬಹುದು. ವೈರ್ ಕಿತ್ತದ್ದು ಬಹುಪಾಲು ನಿಮ್ಮದೇ ತಪ್ಪು. ಎರಡನ್ನೂ ಒಂದೇ ದೂರಿನಲ್ಲಿ ಸೇರಿಸಿದರೆ ಎರಡೂ ನಿಲ್ಲುವುದಿಲ್ಲ.

ನಿಮ್ಮೂರಿನ ಕುಸ್ತಿ ಕಣದಲ್ಲಿ ಒತ್ತಿ ಹಿಡಿದವನೇ ಪೈಲ್ವಾನ. ವೆಕ್ಸ್‌ನ ವಿ5 ವಿಭಾಗದಲ್ಲೂ ಹಿಡಿಯಬಹುದು, ಆದರೆ ರೆಫ್ರಿ ಸೆಕೆಂಡಿಗೊಂದರಂತೆ ಐದು ಎಣಿಸುವವರೆಗೆ ಮಾತ್ರ. ಆಮೇಲೆ ಎರಡು ಅಡಿ, ಅಂದರೆ ನೆಲದ ಒಂದು ಫೋಮ್ ಹಾಸಿನಷ್ಟು, ಹಿಂದೆ ಸರಿಯಬೇಕು; ಇನ್ನೊಂದು ಐದೆಣಿಕೆ ಮುಗಿಯುವ ತನಕ ಅದೇ ರೋಬೋಟನ್ನು ಮತ್ತೆ ಹಿಡಿಯುವಂತಿಲ್ಲ. ಅರ್ಧ ಅಡಿ ಸರಿದು ಮತ್ತೆ ಒತ್ತಿದರೆ ಬಿಟ್ಟಂತಲ್ಲ, ಹಳೆಯ ಎಣಿಕೆಯೇ ಮುಂದುವರಿಯುತ್ತದೆ. ಹೊಸ ರೆಫ್ರಿಗಳು ಎಡವುವುದು ಇಲ್ಲೇ: ಕಣ್ಣು ಅಂಕದ ಕಡೆ ಇರುತ್ತದೆ, ಹಿಡಿತ ಶುರುವಾದ ಕ್ಷಣ ತಪ್ಪಿಹೋಗುತ್ತದೆ. ಇನ್ನೊಂದು ಮಾತು, ಬಿಡಿಸಿಕೊಳ್ಳಲು ಒದ್ದಾಡದೆ ಸುಮ್ಮನೆ ನಿಂತ ರೋಬೋಟನ್ನು ಸಿಕ್ಕಿಬಿದ್ದದ್ದೆಂದು ಲೆಕ್ಕಿಸುವುದಿಲ್ಲ. ನಿಮ್ಮ ಡ್ರೈವರ್ ಜಾಯ್‌ಸ್ಟಿಕ್ ಬಿಟ್ಟು ರೆಫ್ರಿಯ ಮುಖ ನೋಡುತ್ತಿದ್ದನೇ?

ಈ ಎಣಿಕೆ ಎಲ್ಲ ಕಡೆ ಒಂದೇ ಅಲ್ಲ. ಫಸ್ಟ್ ಸಂಸ್ಥೆ ನಡೆಸುವ ಎಫ್‌ಆರ್‌ಸಿ ಎಂಬ ಇನ್ನೊಂದು ರೋಬೋಟ್ ಸ್ಪರ್ಧೆಯಲ್ಲಿ 2024ರಲ್ಲಿ ಐದಿದ್ದದ್ದು 2025ರಲ್ಲಿ ಮೂರಾಯಿತು. ಹಳೆಯ ಕೈಪಿಡಿ ಓದಿ ಬಂದು ವಾದಿಸಬೇಡಿ.

ಹಿಡಿತ ತಪ್ಪೆಂದು ತೀರ್ಮಾನವಾದ ಮೇಲೂ ವೆಕ್ಸ್ ರೆಫ್ರಿ ಒಂದು ಲೆಕ್ಕ ಹಾಕುತ್ತಾರೆ: ಇದರಿಂದ ಗೆಲುವು ಕೈ ಬದಲಾಯಿಸಿತೇ? ಹಿಡಿದ ಕೆಂಪು ತಂಡಕ್ಕೆ 48 ಅಂಕ, ಸಿಕ್ಕಿಬಿದ್ದ ನೀಲಿಗೆ 42, ಐದೆಣಿಕೆ ಮೀರಿ ಹಿಡಿದದ್ದು ನಾಲ್ಕು ಸೆಕೆಂಡು ಎಂದುಕೊಳ್ಳಿ. ಹೆಚ್ಚುವರಿಯಾಗಿ ಹಿಡಿದಿಟ್ಟ ಆ ನಾಲ್ಕು ಸೆಕೆಂಡಿನಲ್ಲಿ ನೀಲಿಗೆ ಏಳು ಅಂಕ ಸಿಗುತ್ತಿತ್ತೇ? ಇಲ್ಲವೆಂದಾದರೆ ಸಾಮಾನ್ಯವಾಗಿ ಎಚ್ಚರಿಕೆಗೇ ಮುಗಿಯುತ್ತದೆ. ಅದೇ ತಂಡ ಮತ್ತೆ ಮತ್ತೆ ಮಾಡಿದರೆ ಮಾತು ಬೇರೆ.

ಇನ್ನು ವೈರ್. ಬೇಕಂತಲೇ ಕೆಡವುವುದು, ಕೊಕ್ಕೆ ಹಾಕಿ ಎಳೆಯುವುದು, ಮುರಿಯುವುದು ತಪ್ಪು. ಆಟದ ಭರದಲ್ಲಿ ತಗುಲಿದ ಡಿಕ್ಕಿ ತಪ್ಪಲ್ಲ. ಅದನ್ನು ತಾಳಿಕೊಳ್ಳುವಂತೆ ಕಟ್ಟುವುದು ತಂಡದ ಜವಾಬ್ದಾರಿ. ರೋಬೋಟಿನ ತೋಳು ಅಡ್ಡಕ್ಕೆ ಚಾಚಿಕೊಂಡು ಓಡಾಡಿದರೆ ಅದಕ್ಕೆ ಬೀಳುವ ಪೆಟ್ಟಿಗೂ ನೀವೇ ಹೊಣೆ.

ವಿಡಿಯೊ ನೋಡದಿದ್ದದ್ದು ಸರಿ. ಮೊಬೈಲ್ ತುಣುಕು ನೋಡಿ ತೀರ್ಪು ಕೊಡಲು ನಿಯಮವೇ ಬಿಡುವುದಿಲ್ಲ. ಬದಲಿಗೆ ಪಂದ್ಯ ಮುಗಿದ ಕೂಡಲೇ, ನಿಮ್ಮ ಜಾಗ ಬಿಡುವ ಮೊದಲು, ವಿದ್ಯಾರ್ಥಿಗಳೇ ಮುಖ್ಯ ರೆಫ್ರಿಯನ್ನು ಕೇಳಬೇಕು: "ಸರ್, ಆ ಹಿಡಿತ ಎಷ್ಟು ಎಣಿಕೆಗೆ ಬಂತು, ಯಾವ ನಿಯಮದಡಿ ನೋಡಿದಿರಿ?" ಮೇಷ್ಟ್ರು, ಪಾಲಕರು ನಡುವೆ ಬಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮುಂದಿನ ಪಂದ್ಯಕ್ಕೆ ಮೊದಲು ವೈರುಗಳನ್ನು ಚೌಕಟ್ಟಿನ ಒಳಗೆ ತಂದು ಜಿಪ್ ಟೈ ಬಿಗಿಯಿರಿ, ಟೈನ ಬಾಲ ಕತ್ತರಿಸಿ. ಆಮೇಲೆ ರೋಬೋಟನ್ನು ಕೈಯಿಂದಲೇ ಗೋಡೆಗೆ ನಾಲ್ಕು ಸಲ ಗುದ್ದಿಸಿ. ಸಡಿಲ ಇದ್ದದ್ದು ಅಲ್ಲೇ ಬಿಚ್ಚಿಕೊಳ್ಳುತ್ತದೆ.