ಕೋಲಿಕ್‌ನಿಂದ (ಹೊಟ್ಟೆಶೂಲೆಯಿಂದ) ಎದ್ದ ಕುದುರೆ ಮರಿಗೆ ಮೇವು: ಹಸುವಿನ ಲೆಕ್ಕ ಇಲ್ಲಿ ನಡೆಯಲ್ಲ

ಮಂಡ್ಯ ಕಡೆಯ ನಮಗೆ ಮೇವು ಅಂದ ತಕ್ಷಣ ತಲೆಗೆ ಬರುವುದು ಹಸು, ಎಮ್ಮೆ. ಪಶುಸಂಗೋಪನೆ ಪಾಠದಲ್ಲೂ ಮುಕ್ಕಾಲು ಪಾಲು ಅವುಗಳದ್ದೇ. ಕುದುರೆಗೆ ಬಂದಾಗ ಅದನ್ನೆಲ್ಲ ಪಕ್ಕಕ್ಕೆ ಇಟ್ಟು ಕೂರಬೇಕು.

ಹಸುವಿನಲ್ಲಿ ಮೇವು ಮೊದಲು ಹುದುಗುತ್ತದೆ, ಆಮೇಲೆ ಜೀರ್ಣವಾಗುತ್ತದೆ. ಕುದುರೆಯಲ್ಲಿ ಉಲ್ಟಾ. ಜಠರ ಚಿಕ್ಕದು, ದೊಡ್ಡ ಕುದುರೆಗೇ 8ರಿಂದ 15 ಲೀಟರ್ ಅಷ್ಟೇ. ಕಾಳಿನ ಪಿಷ್ಟ ಕರಗಬೇಕಾದ್ದು ಸಣ್ಣ ಕರುಳಿನಲ್ಲಿ. ಹುಲ್ಲಿನ ನಾರು ಹುದುಗುವುದು ಕೊನೆಯಲ್ಲಿ, ಸೀಕಮ್ (ದೊಡ್ಡ ಕರುಳು ಶುರುವಾಗುವಲ್ಲಿನ ಚೀಲ) ಮತ್ತು ದೊಡ್ಡ ಕರುಳಿನಲ್ಲಿ. ಒಂದೇ ಸಲ ಜಾಸ್ತಿ ಕಾಳು ಹಾಕಿದರೆ ಸಣ್ಣ ಕರುಳಿಗೆ ಅದನ್ನು ಮುಗಿಸಲು ಆಗುವುದಿಲ್ಲ, ಮಿಕ್ಕ ಪಿಷ್ಟ ದೊಡ್ಡ ಕರುಳಿಗೆ ಜಾರಿ ಹುಳಿಯುತ್ತದೆ, ಲ್ಯಾಕ್ಟಿಕ್ ಆಮ್ಲ ಏರುತ್ತದೆ, ನಾರು ಕರಗಿಸುವ ಬ್ಯಾಕ್ಟೀರಿಯಾ ಸಾಯುತ್ತವೆ, ಮತ್ತೆ ಕೋಲಿಕ್ ಬರಬಹುದು, ಭೇದಿ ಆಗಬಹುದು, ಗೊರಸಿನೊಳಗೆ ಉರಿಯೂತವೂ ಆಗಬಹುದು. ಕುದುರೆಗೆ ವಾಂತಿ ಮಾಡಲೂ ಬರುವುದಿಲ್ಲ, ಪಾಪ.

ಮೊದಲ ದಿನಗಳು: ಡಾಕ್ಟರ್ ಹೇಳುವವರೆಗೆ ಏನೂ ಹಾಕಬೇಡಿ. ಆಮೇಲೆ ಒಂದೊಂದು ಹಿಡಿ ಮೆತ್ತನೆಯ ಗರಿಕೆ ಅಥವಾ ನೀರಲ್ಲಿ ನೆನೆಸಿದ ಒಣಹುಲ್ಲು, ಎರಡು ಮೂರು ಗಂಟೆಗೊಮ್ಮೆ. ಲದ್ದಿ ಸರಿಯಾಗುವ ತನಕ ಕಾಳು ಬೇಡ, ಬೇಯಿಸಿದ ಹುರುಳಿಯೂ ಬೇಡ. ಕುಡಿಯುವ ನೀರು ಸದಾ ಪಕ್ಕದಲ್ಲಿರಲಿ.

ಈಗ ನನ್ನನ್ನು ತುಂಬಾ ಸತಾಯಿಸಿದ ಲೆಕ್ಕ. ದಿನಕ್ಕೆ ದೇಹತೂಕದ ಕನಿಷ್ಠ 1.5%, ಸಾಧ್ಯವಾದರೆ 2% ಹುಲ್ಲು ಬೇಕು ಎನ್ನುತ್ತಾರಲ್ಲ, ಅದು ಹುಲ್ಲಿನ ತೂಕ ಅಲ್ಲ, ಹುಲ್ಲಿನೊಳಗಿನ ಒಣ ಪದಾರ್ಥದ (ನೀರು ಬಿಟ್ಟು ಉಳಿದದ್ದರ) ತೂಕ. 200 ಕೆಜಿ ಮರಿ ಅಂತ ಇಟ್ಟುಕೊಳ್ಳಿ. 2% ಅಂದರೆ 4 ಕೆಜಿ. ಚೆನ್ನಾಗಿ ಒಣಗಿದ ಹುಲ್ಲಿನಲ್ಲಿ ಸುಮಾರು 90% ಒಣ ಪದಾರ್ಥ ಇರುತ್ತದೆ, ಹಾಗಾಗಿ 4 ಅನ್ನು 0.9ರಿಂದ ಭಾಗಿಸಿ, ಸುಮಾರು 4.4 ಕೆಜಿ. ನಾಲೆ ಬಯಲಿನ ಎಳೆಯ ಹಸಿರು ಹುಲ್ಲಿನಲ್ಲಿ ಸುಮಾರು 80% ಬರೀ ನೀರು. ಉಳಿಯುವುದು 20%. 4 ಅನ್ನು 0.2ರಿಂದ ಭಾಗಿಸಿದರೆ 20 ಕೆಜಿ! ಅದೇ ಮರಿ, ಅದೇ ಅಗತ್ಯ, ತೂಕ ಮಾತ್ರ ನಾಲ್ಕೂವರೆ ಪಟ್ಟು. ಗುಣಿಸಬೇಕಾ ಭಾಗಿಸಬೇಕಾ ಅಂತ ಗೊಂದಲವಾದರೆ ಒಂದೇ ನೆನಪಿಡಿ: ತಕ್ಕಡಿಗೆ ಹಾಕುವ ತೂಕ ಯಾವಾಗಲೂ ಒಣ ತೂಕಕ್ಕಿಂತ ದೊಡ್ಡದಾಗಿಯೇ ಬರಬೇಕು. ಚಿಕ್ಕದು ಬಂತಾ, ನೀವು ಗುಣಿಸಿದ್ದೀರಿ. ಅಂದಹಾಗೆ ಇದು ಪೂರ್ತಿ ಚೇತರಿಸಿಕೊಂಡ ಮೇಲಿನ ಗುರಿ. ಅಲ್ಲಿಗೆ ಮುಟ್ಟಲು ಅವಸರ ಬೇಡ, ಯಾವ ಹೊಸ ಮೇವನ್ನೂ 10ರಿಂದ 14 ದಿನದಲ್ಲಿ ನಿಧಾನವಾಗಿ ಏರಿಸಿ.

ಮರಿಯ ತೂಕ ಕಣ್ಣಂದಾಜಲ್ಲಿ ಬೇಡ. ಕಬ್ಬಿನ ಗಾಡಿ ತೂಗುವ ವೇಬ್ರಿಡ್ಜ್ ಮಂಡ್ಯದಲ್ಲಿ ಸುತ್ತಮುತ್ತ ಇದ್ದೇ ಇದೆ. ಮರಿ ಗಾಡಿ ಹತ್ತುವಷ್ಟು ಗಟ್ಟಿಯಾದ ಮೇಲೆ ತುಂಬಿದ ಗಾಡಿ, ಖಾಲಿ ಗಾಡಿ ಎರಡೂ ತೂಗಿ ಕಳೆದರೆ ಹೆಚ್ಚುಕಮ್ಮಿ ಸಿಗುತ್ತದೆ.

ಕಾಳಿನ ಲೆಕ್ಕ ಸುಲಭ. ಒಂದು ಹೊತ್ತಿಗೆ ಒಂದು ಕೆಜಿ ದೇಹತೂಕಕ್ಕೆ 1 ಗ್ರಾಂ ಪಿಷ್ಟ ದಾಟಬಾರದು. ದಿನಕ್ಕಲ್ಲ, ಹೊತ್ತಿಗೆ. 200 ಕೆಜಿ ಮರಿಗೆ 200 ಗ್ರಾಂ. ಓಟ್ಸ್‌ನಲ್ಲಿ ಪಿಷ್ಟ ಸುಮಾರು 40%, ಅಂದರೆ ಹೊತ್ತಿಗೆ ಅರ್ಧ ಕೆಜಿ. ಇದು ಗಟ್ಟಿ ಮರಿಯ ಮಿತಿ, ಕಾಯಿಲೆಯಿಂದ ಎದ್ದದ್ದಕ್ಕೆ ಒಂದು ಹಿಡಿಯಿಂದ ಶುರು ಮಾಡಿ. ಸೇರಲ್ಲಿ ಅಳೆಯಬೇಡಿ, ಒಂದು ಸೇರು ಬೂಸಾ, ಒಂದು ಸೇರು ಹುರುಳಿ ತೂಕದಲ್ಲಿ ಒಂದೇ ಅಲ್ವಲ್ಲ.

ಬೂಸಾ ಗಂಜಿ ಹಗುರ ಅಂತ ದಿನಾ ಕೊಡುವವರಿದ್ದಾರೆ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ತೀರಾ ಕಮ್ಮಿ, ಬೆಳೆಯುವ ಮೂಳೆಗೆ ಒಳ್ಳೆಯದಲ್ಲ. ಕುದುರೆ ಮೆಂತ್ಯದ (ಲೂಸರ್ನ್ ಮೇವಿನ) ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ, ಸ್ವಲ್ಪ ಸ್ವಲ್ಪವಾಗಿ ಸೇರಿಸಿ. ಕಲಗಚ್ಚು ಖಂಡಿತ ಬೇಡ.

ಹಸುವಿನ ಅಥವಾ ಕೋಳಿಯ ಫೀಡ್ ಒಂದು ಹಿಡಿಯೂ ಬೇಡ. ಕೆಲವದರಲ್ಲಿ ಮೊನೆನ್ಸಿನ್ ಎಂಬ ಔಷಧಿ ಬೆರೆಸಿರುತ್ತಾರೆ. ಹಸುವಿಗೆ ಸರಿಹೋಗುವ ಅದು ಕುದುರೆಯ ಹೃದಯವನ್ನೇ ಹಾಳು ಮಾಡುತ್ತದೆ, ಕೆಜಿ ದೇಹತೂಕಕ್ಕೆ 2–3 ಮಿಲಿಗ್ರಾಂ ಹೋದರೂ ಕುದುರೆ ಸಾಯಬಹುದು. ಕೊಟ್ಟಿಗೆಯಲ್ಲಿ ಹಸುವೂ ಇದ್ದರೆ ಚೀಲ ಬೇರೆ ಇಡಿ, ಕಲಸುವ ಬಕೆಟ್ಟೂ ಬೇರೆ ಇರಲಿ.