ಗುರುತ್ವ ಬಲವೇ, ಬಾಗಿದ ದೇಶಕಾಲವೇ? ಬೀಳುವ ಫೋನಿನಿಂದ ಶುರು ಮಾಡೋಣ

ಫೋನಿನೊಳಗೆ ವೇಗೋತ್ಕರ್ಷ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಫೋನನ್ನು ಸುಮ್ನೆ ಮೇಜಿನ ಮೇಲೆ ಇಟ್ಟರೆ ಅದು ಸುಮಾರು 9.8 ಮೀ/ಸೆ² ತೋರಿಸುತ್ತದೆ. ಮೆತ್ತನೆಯ ಹಾಸಿಗೆಯ ಮೇಲೆ ಬೀಳಲು ಬಿಟ್ಟರೆ, ಗಾಳಿಯಲ್ಲಿರುವಷ್ಟು ಹೊತ್ತು ಹತ್ತಿರಹತ್ತಿರ ಸೊನ್ನೆ. ತಲೆಕೆಳಗಾಯಿತು ಅನ್ನಿಸುತ್ತದೆ, ಅಲ್ವಾ? ಬೀಳುವಾಗಲೇ ತಾನೇ ಗುರುತ್ವ ಎಳೆಯುವುದು?

ನ್ಯೂಟನ್ 1687ರಲ್ಲಿ ಕೊಟ್ಟ ಉತ್ತರ ನಮಗೆಲ್ಲ ಗೊತ್ತು. ಭೂಮಿ ಎಳೆಯುತ್ತದೆ, ಮೇಜು ತಡೆಯುತ್ತದೆ. ಸೆನ್ಸರಿನ ಪ್ರತಿ ಕಣವನ್ನೂ ಭೂಮಿ ಒಂದೇ ರೀತಿ ಎಳೆಯುವುದರಿಂದ ಅದಕ್ಕೆ ಎಳೆತ ಗೊತ್ತಾಗುವುದಿಲ್ಲ, ಅಷ್ಟೇ. ಐನ್‌ಸ್ಟೈನ್ 1907ರಲ್ಲಿ ಬೇರೆ ದಾರಿ ಹಿಡಿದರು. ಬೀಳುವವನಿಗೆ ತನ್ನ ತೂಕವೇ ತಿಳಿಯುವುದಿಲ್ಲ ಎಂದಾದರೆ, ಅವನ ಮೇಲೆ ಬಲವೇ ಇಲ್ಲ ಎಂದು ಯಾಕೆ ಹೇಳಬಾರದು? ಆಗ ಸೆನ್ಸರ್ ಹೇಳಿದ್ದೆಲ್ಲ ನಿಜ. ನಿಂತಾಗ ನಮ್ಮ ಪಾದಕ್ಕೆ ತಿಳಿಯುವುದು ನೆಲ ಮೇಲಕ್ಕೆ ತಳ್ಳುವುದು ಮಾತ್ರ.

ನಾನು ತುಂಬಾ ದಿನ ಸಿಕ್ಕಿಹಾಕಿಕೊಂಡದ್ದು ಇಲ್ಲೇ. ಭೂಮಿಯ ಎಲ್ಲ ಬದಿಯಲ್ಲೂ ನೆಲ ಹೊರಕ್ಕೆ ತಳ್ಳುತ್ತಿದ್ದರೆ, ಭೂಮಿ ಉಬ್ಬುತ್ತಾ ಹೋಗಬೇಕಲ್ಲವೇ? ದೇಶಕಾಲ, ಅಂದರೆ ಜಾಗ ಮತ್ತು ಕಾಲ ಎರಡನ್ನೂ ಸೇರಿಸಿ ಒಂದಾಗಿ ನೋಡುವುದು, ಚಪ್ಪಟೆಯಾಗಿದ್ದರೆ ಹೌದು. ಬಾಗಿದ ದೇಶಕಾಲದಲ್ಲಿ ಹಾಗಾಗಬೇಕಿಲ್ಲ. ಭೂಮಧ್ಯರೇಖೆಯ ಮೇಲಿನ ಎರಡು ಬೇರೆ ಬೇರೆ ಜಾಗಗಳಿಂದ ಇಬ್ಬರು ನೇರ ಉತ್ತರಕ್ಕೆ ಹೊರಡಲಿ. ಯಾರೂ ತಿರುಗದಿದ್ದರೂ ಧ್ರುವದಲ್ಲಿ ಒಬ್ಬರಿಗೊಬ್ಬರು ಸಿಗುತ್ತಾರೆ. ಅವರನ್ನು ಯಾರೂ ಎಳೆಯಲಿಲ್ಲ, ಮೇಲ್ಮೈಯೇ ಬಾಗಿದೆ. ಮೊದಲಿನಷ್ಟೇ ದೂರದಲ್ಲಿ ಉಳಿಯಬೇಕೆಂದರೆ ಇಬ್ಬರೂ ಹೊರಕ್ಕೆ ತಿರುಗುತ್ತಲೇ ಇರಬೇಕು. ನಮ್ಮ ಕಾಲಡಿಯ ನೆಲ ಮಾಡುತ್ತಿರುವುದೂ ಅದನ್ನೇ: ಹೊರಕ್ಕೆ ತಳ್ಳುತ್ತಾ ತಳ್ಳುತ್ತಾ ಇದ್ದಲ್ಲೇ ಇರುತ್ತದೆ.

ದೇಶಕಾಲ ಬಾಗುವುದನ್ನು ತೋರಿಸಲು ಕೊಡುವ, ರಬ್ಬರ್ ಹಾಳೆಯ ಮೇಲೆ ಗುಂಡು ಇಟ್ಟ ಚಿತ್ರವನ್ನು ಜಾಸ್ತಿ ನಂಬಬೇಡಿ. ಅದರಲ್ಲಿ ಕಾಲವೇ ಇಲ್ಲ. ಕೈಬಿಟ್ಟ ಕಲ್ಲು ಬೀಳುವುದರಲ್ಲಿ ಮುಖ್ಯ ಪಾತ್ರ ಕಾಲದ್ದು. ಕೆಳಗೆ ಗಡಿಯಾರ ನಿಧಾನ, ಮೇಲೆ ಚುರುಕು. ಜಿಪಿಎಸ್ ಉಪಗ್ರಹದ ಗಡಿಯಾರ ಇದೇ ಕಾರಣಕ್ಕೆ ದಿನಕ್ಕೆ ಸುಮಾರು 45 ಮೈಕ್ರೋಸೆಕೆಂಡ್ ಮುಂದೆ ಓಡುತ್ತದೆ. ಉಪಗ್ರಹದ ವೇಗದಿಂದ ಸುಮಾರು 7 ಹಿಂದೆ ಬೀಳುತ್ತದೆ. ಉಳಿದ 38ನ್ನು ಸರಿಪಡಿಸದಿದ್ದರೆ ನಕ್ಷೆಯಲ್ಲಿ ನಮ್ಮ ಜಾಗವೇ ತಪ್ಪುತ್ತದೆ.

ಹಾಗಾದರೆ ನ್ಯೂಟನ್ ತಪ್ಪಾ? ರಾಕೆಟ್ ಹಾರಿಸುವ ಲೆಕ್ಕಕ್ಕೆ ಬಲ ಎಂದುಕೊಂಡರೆ ಸಾಕು. ಆದರೆ ಬುಧನ ಕಕ್ಷೆ ಶತಮಾನಕ್ಕೆ 43 ಆರ್ಕ್‌ಸೆಕೆಂಡಿನಷ್ಟು (ಒಂದು ಆರ್ಕ್‌ಸೆಕೆಂಡ್ ಎಂದರೆ ಒಂದು ಡಿಗ್ರಿಯ 3600ನೇ ಒಂದು ಭಾಗ) ಹೆಚ್ಚಿಗೆ ತಿರುಗುವುದಕ್ಕೆ ಆ ಲೆಕ್ಕದಲ್ಲಿ ಕಾರಣ ಸಿಗಲಿಲ್ಲ. 1915ರಲ್ಲಿ ಐನ್‌ಸ್ಟೈನರ ಸಮೀಕರಣದಿಂದ ಅದೇ 43 ತಾನಾಗಿ ಹೊರಬಂತು. ಅದಕ್ಕೇ ಗುರುತ್ವ ಬಲವೇ ಎಂಬ ಪ್ರಶ್ನೆಗೆ ಉತ್ತರಿಸುವಾಗ ಯಾವ ಸಿದ್ಧಾಂತ ಹಿಡಿದಿದ್ದೇವೆ ಎಂದು ಮೊದಲು ಬರೆಯಿರಿ. ಮೇಜಿನ ಮೇಲಿನ ಪುಸ್ತಕಕ್ಕೆ ನ್ಯೂಟನ್ ಲೆಕ್ಕದಲ್ಲಿ ಬಲ ತೋರಿಸುವ ಎರಡು ಬಾಣ ಬರೆಯಬೇಕು: ಭೂಮಿಯ ಎಳೆತ ಕೆಳಕ್ಕೆ, ಮೇಜಿನ ತಡೆ ಮೇಲಕ್ಕೆ. ಐನ್‌ಸ್ಟೈನ್ ಲೆಕ್ಕದಲ್ಲಿ ಒಂದೇ ಬಾಣ, ಮೇಜಿನಿಂದ ಮೇಲಕ್ಕೆ.